ಲೈಬ್ರರಿಯೋರಿಗೊಂದು ಹೆಸರು

ಭಾಗ್ಯಳ ಫೋನು ಬಂದಾಗ ನಾನು ಅವರೆಕಾಳು ಹಿದುಕುತ್ತಾ ಕೂತಿದ್ದೆ. ನೆನೆದ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎರಡೂ ಕೈ ಒದ್ದೆ. ಯಜಮಾನರೇ ಫೋನು ತಂದು ನನ್ನ ಕಿವಿಗೆ ಹಿಡಿದು ನಿಂತರು.

“ಜಯಕ್ಕ, ನಮ್ ಸಂಘದ ಎಸ್ರು ಬದ್ಲಾಯಿಸ್ತಾರಂತೆ ಕಣಕ್ಕ.”

“ಬದ್ಲಾಯಿಸ್ಲಿ ಬುಡು ಭಾಗ್ಯ. ಹಳೇ ಬೋರ್ಡೂ ತುಕ್ಕು ಹಿಡಿದದೆ.”

“ಬೋರ್ಡಲ್ಲಕ್ಕ, ನಮ್ನೂ ತೆಗಿತಾರಂತೆ. ಡಿಗ್ರಿ ಮಾಡಿರೋರು ಮಾತ್ರ ಮೆಂಬರ್ರು. ಹಳ್ಳಿ ಲೈಬ್ರರಿಯೋರೆಲ್ಲ ಇತೈಸಿಗಳಂತೆ.”

ಹಿತೈಷಿಗಳು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಮದುವೆ ಕಾಗದದಲ್ಲಿ ಎಲ್ಲರ ಹೆಸರೂ ಮುಗಿದ ಮೇಲೆ ಕೆಳಗೆ ಬರುವ ಮಾತು ಅದು.

ಭಾಗ್ಯ ಅರಕಲಗೂಡು ತಾಲ್ಲೂಕಿನವಳು. ಮಲ್ಲಿಪಟ್ಟಣದಿಂದ ಆಚೆಗೆ ಒಂದು ಊರಿನ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ನಾನು ಹೊಳೆನರಸೀಪುರ ತಾಲ್ಲೂಕು, ಹಳೇಕೋಟೆ ಹೋಬಳಿಯ ಒಂದು ಊರಿನಲ್ಲಿ ಅದೇ ಕೆಲಸ ಮಾಡಿ ನಿವೃತ್ತಳಾದವಳು. ಅವಳು ಬುದ್ಧನ ಪಟದ ಮುಂದೆ ಕೈಮುಗಿಯುವವಳು, ನಾನು ನರಸಿಂಹಸ್ವಾಮಿಯ ಪಟದ ಮುಂದೆ. ಕಷ್ಟ ಅಂತ ಬಂದರೆ ಇಬ್ಬರೂ ಮೊದಲು ಫೋನಿನ ಮುಂದೆ ಕೂರುತ್ತೇವೆ.

ಅವಳಿಗೆ ಆಗ ಬಂದಿದ್ದ ಕಷ್ಟ ಇಷ್ಟು: ಅವಳ ಲೈಬ್ರರಿ ಕೋಣೆಯ ಮೇಲೆ ಪಂಚಾಯಿತಿಯ ಕಣ್ಣು ಬಿದ್ದಿತ್ತು. ನೀರಿನ ಪೈಪು ಇಡಲು ಜಾಗ ಇಲ್ಲ ಅಂತ ಅರ್ಧ ಕೋಣೆಗೆ ಪೈಪು ತಂದು ಪೇರಿಸಿದ್ದರು. ಉಳಿದರ್ಧದಲ್ಲಿ ಪೊಲೀಸ್ ಪರೀಕ್ಷೆಗೆ ಓದುವ ಹೆಣ್ಣುಮಕ್ಕಳು ಮಂಡಿ ಮಡಿಚಿ ಕೂರುತ್ತಿದ್ದರು. ಸಂಘದಿಂದ ನಾಲ್ಕು ಜನ ಹೋಗಿ ಮಾತಾಡಿ ಬಂದ ಮೇಲೆ ಪಂಚಾಯಿತಿ ಅಧ್ಯಕ್ಷರು “ಆಯ್ತು, ನೋಡನ” ಅಂದಿದ್ದರು. ಈಗ ಸಂಘದ ಸುದ್ದಿ ಅವರ ಕಿವಿಗೂ ಬಿದ್ದು, “ನೀನು ಲೈಬ್ರರಿಯನ್ ಅಲ್ವಂತಲ್ಲವ್ವ, ನಿನ್ ಪರ ಇನ್ಯಾರು ಬತ್ತಾರೆ?” ಅಂದರಂತೆ.

“ಇನ್ನೊಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ,” ಅಂದಳು ಭಾಗ್ಯ. “ಭಾನ್ವಾರ ಎಸ್ರು ಬದ್ಲಾಯಿಸೋ ಮೀಟಿಂಗಲ್ಲೇ ನಿಮ್ಗೆ ಸನ್ಮಾನ ಅಂತೆ. ನೀವು ಶಾಲು ಒದ್ಕಂಡು ಬಂದ್ಬುಡ್ತೀರಾ?”

ನಿಜ ಹೇಳಬೇಕೆಂದರೆ ಆ ಸನ್ಮಾನಕ್ಕೆ ಯಾವ ಸೀರೆ ಉಡಲಿ ಅಂತ ಹಿಂದಿನ ದಿನವೇ ಬೀರು ತೆಗೆದು ನೋಡಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹೆಣ್ಣುಮಕ್ಕಳು ನನ್ನನ್ನು ಕಂಡಾಗೆಲ್ಲ, “ಏನಕ್ಕ, ಹೆಂಗಿತ್ತು ನಿಮ್ಮ ಕಾಲದಲ್ಲಿ?” ಅಂತ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಸಂಘದ ಹೆಸರಿನ ಕಥೆ ಹೇಳುವ ಮೊದಲು ನಮ್ಮ ಕೆಲಸಕ್ಕೆ ಊರವರು ಇಟ್ಟ ಹೆಸರುಗಳ ಕಥೆ ಹೇಳಬೇಕು. ಇಲ್ಲದಿದ್ದರೆ ಆ ಭಾನುವಾರ ನಾವು ಹಾಗೆ ಯಾಕೆ ಜಗಳವಾಡಿದೆವು ಅನ್ನುವುದು ತಿಳಿಯುವುದಿಲ್ಲ.

ನಾನು ಸೇರಿದಾಗ ನಮ್ಮ ಲೈಬ್ರರಿ ಅಂದರೆ ಹಳೆಯ ಹೆಂಚಿನ ಕೋಣೆ, ಒಂದು ಕಬ್ಬಿಣದ ಬೀರು, ಎರಡು ಬೆಂಚು. ಪುಸ್ತಕಗಳು ಗೋಣಿಚೀಲದಲ್ಲಿ ಬಂದವು. ಅವನ್ನು ಹೇಗೆ ಜೋಡಿಸಬೇಕು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಪಾತ್ರೆ ಜೋಡಿಸುವುದು. ದೊಡ್ಡವು ಹಿಂದೆ, ಚಿಕ್ಕವು ಮುಂದೆ, ದಿನಾ ಬೇಕಾಗುವುದು ಕೈಗೆ ಎಟಕುವ ಹಾಗೆ. ಹಾಗೇ ಇಟ್ಟೆ. ಮುಂದೆ ಹಾಸನದಲ್ಲಿ ತರಬೇತಿ ಕೊಟ್ಟು, ವಿಷಯಕ್ಕೊಂದು ನಂಬರು ಹಾಕಿ ಇಡುವುದನ್ನು ಕಲಿಸಿದರು. ಅದು ಒಳ್ಳೆಯ ಕ್ರಮ, ಹುಡುಕುವುದು ಸುಲಭ. ಆದರೂ ಊರಿನವರು ಕೊನೆಯವರೆಗೂ ಕೇಳಿದ್ದು “ಆ ಕೆಂಪು ರಟ್ಟಿನ ದಪ್ಪನೇದು” ಅಂತಲೇ. ನಂಬರು ನಿಮಗಿರಲಿ, ರಟ್ಟಿನ ಬಣ್ಣವನ್ನೂ ಮರೆಯಬೇಡಿ.

ಬಾಗಿಲ ಮೇಲೆ ‘ಗ್ರಂಥಾಲಯ’ ಅಂತ ಬೋರ್ಡು ಬರೆಸಿದ ವಾರವೇ ಪಕ್ಕದ ಊರಿನ ಒಬ್ಬ ಅಜ್ಜಿ ಬಂದರು. ಮೊಮ್ಮಗನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಓದಿಸಿ, ಒಳಗೆ ಬಂದು ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಬಜೆ, ಇಪ್ಪಲಿ, ಜಾಯಿಕಾಯಿ ಕೊಡವ್ವ. ಮಗಳು ಬಾಣಂತಿ.”

“ಅಜ್ಜಿ, ಇದು ಲೈಬ್ರರಿ.”

“ಗ್ರಂಧಿಗೆ ಅಂಗ್ಡಿ ಅಂತ ಬರ್ಸೀಯಲ್ಲ?”

ಪೂಜೆ ಸಾಮಾನು, ಗಿಡಮೂಲಿಕೆ ಮಾರುವ ಅಂಗಡಿಗೆ ನಮ್ಮ ಕಡೆ ಗ್ರಂಧಿಗೆ ಅಂಗಡಿ ಅನ್ನುತ್ತಾರೆ. ಹುಡುಗ ‘ಗ್ರಂ’ ಅಂತ ಶುರು ಮಾಡುವುದರೊಳಗೆ ಅಜ್ಜಿ ಉಳಿದದ್ದನ್ನು ತಾವೇ ಸೇರಿಸಿಕೊಂಡಿದ್ದರು. ಬಿಸಿಲಲ್ಲಿ ನಡೆದು ಬಂದವರನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ, ಮನೆಗೆ ಓಡಿ ನಮ್ಮತ್ತೆಯ ಡಬ್ಬದಿಂದ ಒಂದು ಬಜೆ ತುಂಡು ತಂದುಕೊಟ್ಟೆ. ಅತ್ತೆ ಸಂಜೆ ಡಬ್ಬ ನೋಡಿ, “ಪೇಪರ್ ಕಾಯೋ ಕೆಲ್ಸ ಅಂತ ಹೋದೋಳು, ಈಗ ಮನೆ ಸಾಮಾನೂ ಹಂಚ್ತಿದೀಯಲ್ಲ ತಾಯಿ,” ಅಂದರು. ಆ ಅಜ್ಜಿಯ ಮಗಳು ಮುಂದೆ ನನ್ನ ಲೈಬ್ರರಿಯ ಕಾಯಂ ಓದುಗರಲ್ಲಿ ಒಬ್ಬಳಾದಳು. ಬಾಣಂತನದ ಪುಸ್ತಕದಿಂದ ಹಿಡಿದು ಸಿಕ್ಕಿದ ಕಾದಂಬರಿಯನ್ನೆಲ್ಲ ಓದಿದಳು. ದೇವರು ಹೀಗೆ ಬಜೆಯ ದಾರಿಯಲ್ಲೂ ಓದುಗರನ್ನು ಕಳಿಸುತ್ತಾನೆ. ಇಂಥ ಸಣ್ಣಪುಟ್ಟ ಕರುಣೆಗಳನ್ನು ಲೆಕ್ಕ ಇಟ್ಟುಕೊಂಡೇ ನಾನು ಅಷ್ಟು ವರ್ಷ ಕೆಲಸ ಮಾಡಿದ್ದು.

‘ಪೇಪರ್ ಕಾಯೋದು’ ಅಂತ ಅತ್ತೆ ಅಂದದ್ದು ಪೂರ್ತಿ ಸುಳ್ಳೇನಲ್ಲ. ಬರುತ್ತಿದ್ದದ್ದು ಎರಡು ಪತ್ರಿಕೆ, ಬೆಳಗ್ಗೆ ಬಾಗಿಲು ತೆಗೆಯುವುದರೊಳಗೆ ಜಗಲಿಯಲ್ಲಿ ಗಂಡಸರು ತುಂಬಿರುತ್ತಿದ್ದರು. ಪುಟ್ಟೇಗೌಡರಿಗೆ ಆಲೂಗಡ್ಡೆ ರೇಟು, ಇನ್ನೊಬ್ಬರಿಗೆ ರಾಜಕೀಯ, ಮತ್ತೊಬ್ಬರಿಗೆ ಯಾರು ತೀರಿಕೊಂಡರು ಅನ್ನುವುದು. ಒಬ್ಬರು ಹಿಡಿದರೆ ಬಿಡುತ್ತಿರಲಿಲ್ಲ. ಜಗಳ ನೋಡಿ ನೋಡಿ ಸಾಕಾಗಿ ಒಂದು ದಿನ ಪತ್ರಿಕೆಯ ಹಾಳೆಗಳನ್ನೆಲ್ಲ ಬಿಡಿಸಿ, ಎಲೆ ಹಾಕುವಂತೆ ಒಬ್ಬೊಬ್ಬರ ಮುಂದೆ ಒಂದೊಂದು ಹಾಕಿಬಿಟ್ಟೆ. ಓದಿ ಮುಗಿಸಿದವರು ಬಲಗಡೆಗೆ ದಾಟಿಸಬೇಕು. ಜಗಳ ನಿಂತಿತು. ಸಂಜೆ ಹಾಳೆಗಳನ್ನು ಕ್ರಮವಾಗಿ ಸೇರಿಸಿ ಪಿನ್ನು ಹಾಕುತ್ತಿದ್ದೆ. ದಿನಭವಿಷ್ಯದ ಹಾಳೆ ಮಾತ್ರ ಆಗಾಗ ಕಾಣೆಯಾಗುತ್ತಿತ್ತು. ಅದನ್ನು ಯಾರು ಒಯ್ಯುತ್ತಿದ್ದರು ಅಂತ ಇವತ್ತಿಗೂ ಗೊತ್ತಿಲ್ಲ.

ಆ ಏರ್ಪಾಡಿನ ಮಧ್ಯೆ ಹಾಸನದಿಂದ ಸೋಮಶೇಖರ್ ಸಾರ್ ತಪಾಸಣೆಗೆ ಬಂದರು. ಆಗ ಅವರು ನಮ್ಮ ಮೇಲಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ಅಷ್ಟೇ ಇಸ್ತ್ರಿ ಮಾಡಿದ ಮಾತು. ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು.

“ಏನಮ್ಮ ಇದು? ಸರ್ಕಾರದ ಪತ್ರಿಕೆ ಹರಿದು ಹಂಚಿದ್ದೀರಿ?”

“ಹರಿದಿಲ್ಲ ಸಾರ್. ಬಿಡಿಸಿದೀನಿ.”

ಪುಟ್ಟೇಗೌಡರು ತಲೆ ಎತ್ತದೆ, “ನೀವೂ ಒಂದ್ ಆಳೆ ತಗಳಿ ಸಾ. ಆಟದ ಪುಟ ಸುಮ್ಕೆ ಬಿದ್ದದೆ,” ಅಂದರು.

ಸಾರ್‌ಗೆ ಕ್ರಿಕೆಟ್ ಹುಚ್ಚು ಅಂತ ನಮಗೇನು ಗೊತ್ತು! ನಿಂತೇ ಓದತೊಡಗಿದರು, ಆಮೇಲೆ ಬೆಂಚಿನ ತುದಿಗೆ ಕೂತರು. ಸ್ವಲ್ಪ ಹೊತ್ತಿಗೆ, “ಉಳಿದದ್ದು ಒಳಪುಟದಲ್ಲಿದೆಯಂತೆ. ಅದು ಯಾರ ಹತ್ತಿರ ಇದೆ?” ಅಂತ ಕೇಳಿದರು.

“ನನ್ತಾವ್ ಅದೆ ಸಾ,” ಅಂದರು ಪುಟ್ಟೇಗೌಡರು. “ಸರದಿ ಬರ್ಲಿ ತಡೀರಿ.”

ಮೇಲಧಿಕಾರಿ ಸರದಿ ಕಾದರು. ಹೋಗುವಾಗ ಹಾಳೆಯ ವಿಷಯ ಎತ್ತಲೇ ಇಲ್ಲ. ಆದರೆ ಬಾಗಿಲಲ್ಲಿ ತಿರುಗಿ ನಿಂತು, “ಊರಿನವರ ಮುಂದೆ ಲೈಬ್ರರಿಯನ್ ಅಂತ ಹೇಳಿಕೊಳ್ಳಬೇಡಿ ಅಮ್ಮ. ಅದಕ್ಕೆ ಬೇರೆ ಓದಿದೆ. ನೀವು ಮೇಲ್ವಿಚಾರಕಿ,” ಅಂದರು. ಬೈದು ಹೇಳಿದ್ದಲ್ಲ, ಪಾಠ ಹೇಳುವ ಹಾಗೆ ಹೇಳಿದರು. ಅವರಿಗೆ ಒಂದೊಂದು ಪದವೂ ಅದರದರ ಜಾಗದಲ್ಲೇ ಇರಬೇಕಿತ್ತು. ನನಗೇನೂ ಬೇಸರವಾಗಲಿಲ್ಲ. ಮೇಲ್ವಿಚಾರಕಿ ಅನ್ನುವುದು ಊರವರ ಬಾಯಿಗೆ ಹೊಂದಲೇ ಇಲ್ಲ ಅನ್ನುವುದು ಬೇರೆ ಮಾತು. ಕೆಲವರು ಪೇಪರ್ ಜಯಮ್ಮ ಅಂದರು, ಕೆಲವರು ಬುಕ್ಕಿನಮ್ಮ ಅಂದರು, ಎಲ್ಲರೂ ಕೊನೆಗೆ ‘ಲೈಬ್ರರಿಯೋರು’ ಅನ್ನುವಲ್ಲಿಗೆ ಬಂದು ನಿಂತರು.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಸರ್ಕಾರ ಹಳ್ಳಿಯ ಲೈಬ್ರರಿಗಳಿಗೆಲ್ಲ ‘ಅರಿವು ಕೇಂದ್ರ’ ಅಂತ ಹೊಸ ಹೆಸರು ಕೊಟ್ಟಿತು. ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಮಕ್ಕಳಿಗೆ ಆಟದ ಸಾಮಾನು ಬಂತು. ಎಲ್ಲ ಸಂತೋಷವೇ. ಮೊದಲು ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಅಷ್ಟೇ ಇತ್ತು. ಈಗ ಅರ್ಜಿ ತುಂಬುವವರು, ಪರೀಕ್ಷೆಯ ಫಲಿತಾಂಶ ನೋಡುವವರು, ಮೊಬೈಲಿನಲ್ಲಿ ಏನೋ ಒತ್ತಿ ಗಾಬರಿಯಾದವರು ಎಲ್ಲರೂ ಬರುತ್ತಾರೆ. ಹೊಸ ಹೆಸರು ಮಾತ್ರ ನಮ್ಮೂರಲ್ಲಿ ಬೇರೆಯೇ ಅವಾಂತರ ಮಾಡಿತು.

ನಮ್ಮ ಕಡೆ ಮಾತಿನಲ್ಲಿ ಹಕಾರ ಉಳಿಯುವುದು ಕಡಿಮೆ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಹರಿಯುವ ನೀರು ಅರಿಯುವ ನೀರಾಗುತ್ತದೆ. ಬೋರ್ಡು ಹಾಕಿದ ಮಾರನೆಯ ದಿನ ಪುಟ್ಟೇಗೌಡರು ಇಬ್ಬರನ್ನು ಜೊತೆಗೆ ಕಟ್ಟಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತರು.

“ಯಾವಾಗ ಬುಡ್ತಾರವ್ವ?”

“ಏನನ್ನ ಗೌಡ್ರೇ?”

“ನಾಲೆ ನೀರ್ನ. ಅರಿವು ಕೇಂದ್ರ ಅಂತ ಬೋರ್ಡ್ ಆಕ್ಸೀಯಲ್ಲ, ಇನ್ಮೇಲೆ ನೀರಿಂದೆಲ್ಲ ಇಲ್ಲೇ ಅಲ್ವಾ? ನಮ್ ಗದ್ದೆತಾವ ಅರಿತಾನೇ ಇಲ್ಲ.”

ಅರಿವು ಅಂದರೆ ತಿಳಿವಳಿಕೆ ಗೌಡ್ರೇ ಅಂತ ನಾನು ಬಿಡಿಸಿ ಹೇಳಿದೆ. ಅವರು ಜೊತೆಗೆ ಬಂದವರ ಮುಖ ನೋಡಿ, “ತಿಳುವಳ್ಕೆ ನಮ್ತಾವೂ ಅದೆ, ನೀರಿಲ್ಲ,” ಅಂತ ಹೇಳಿ ಪೇಪರಿನ ಹಾಳೆಗೆ ಕೈಚಾಚಿದರು. ನಗು ಬಂತು ನನಗೆ. ಆದರೂ ಮನಸ್ಸು ತಡೆಯದೆ ನಾಲೆಯ ಕಚೇರಿಗೆ ಫೋನು ಮಾಡಿ ಕೇಳಿ, ನೀರು ಬಿಡುವ ದಿನವನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಆಮೇಲೆ ಅದೇ ಅಭ್ಯಾಸವಾಯಿತು. ನನ್ನ ಜಾಗಕ್ಕೆ ಬಂದ ಹುಡುಗಿ ಇವತ್ತಿಗೂ ಬರೆಯುತ್ತಾಳೆ. ಹೆಸರನ್ನು ತಪ್ಪು ತಿಳಿದುಕೊಂಡು ಬಂದವರಿಂದಲೇ ನಮ್ಮ ಕೆಲಸ ಒಂದು ಕೈ ಹೆಚ್ಚಾಯಿತು. ಅದನ್ನೂ ಕರುಣೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಈಗ ಸಂಘದ ವಿಷಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಲೈಬ್ರರಿಗಳಲ್ಲಿ ಕೆಲಸ ಮಾಡುವವರು ಸೇರಿ ಕಟ್ಟಿಕೊಂಡದ್ದು ನಮ್ಮ ಗ್ರಂಥಪಾಲಕರ ಸಂಘ. ಕಾಲೇಜಿನವರು, ಪಟ್ಟಣದವರು, ನಮ್ಮಂಥ ಹಳ್ಳಿಯವರು ಎಲ್ಲರೂ ಇದ್ದೆವು. ಸೋಮಶೇಖರ್ ಸಾರ್ ನಿವೃತ್ತರಾದ ಮೇಲೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದೆವು. ದುಡಿದರು, ಸುಳ್ಳು ಹೇಳಬಾರದು. ಭಾಗ್ಯಳ ಪೈಪಿನ ವಿಷಯಕ್ಕೆ ಪಂಚಾಯಿತಿಗೆ ಹೋದ ನಾಲ್ವರಲ್ಲಿ ಅವರೂ ಒಬ್ಬರು.

ಹೆಸರು ಬದಲಾಯಿಸುವುದಕ್ಕೂ ಅವರದೊಂದು ಕಾರಣ ಇತ್ತು. ಭಾಗ್ಯಳ ಫೋನು ಬಂದ ಸಂಜೆ ನಾನೇ ಅವರಿಗೆ ಫೋನು ಮಾಡಿ ಕೇಳಿದೆ.

“ನೋಡಿ ಜಯಮ್ಮ,” ಅಂದರು. “ನಮ್ಮ ಹುಡುಗರು ವರ್ಷಗಟ್ಟಲೆ ಓದಿ, ಪದವಿ ಮೇಲೆ ಪದವಿ ಮಾಡಿ ಬರ್ತಾರೆ. ಕಾಲೇಜಲ್ಲಿ ಅವರನ್ನ ಪುಸ್ತಕ ಕಾಯೋರು ಅಂತಾರೆ. ಮೇಷ್ಟ್ರುಗಳ ಸಾಲಲ್ಲಿ ಕುರ್ಚಿ ಹಾಕಲ್ಲ. ‘ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವೃತ್ತಿಪರರ ಸಂಘ’ ಅಂತ ಆದರೆ ಒಂದು ತೂಕ ಬರುತ್ತೆ. ವೃತ್ತಿಪರರು ಅಂದ ಮೇಲೆ ಓದಿನ ನಿಯಮ ಬೇಕೇ ಬೇಕು. ನಿಮ್ಮನ್ನೆಲ್ಲ ಬಿಡ್ತೀವಿ ಅಂತಲ್ಲ, ಹಿತೈಷಿಗಳಾಗಿರ್ತೀರಿ.”

ಪುಸ್ತಕ ಕಾಯೋರು ಅಂತ ಕರೆಸಿಕೊಂಡ ನೋವು ಏನು ಅಂತ, ಪೇಪರ್ ಕಾಯೋಳು ಅಂತ ಕರೆಸಿಕೊಂಡ ನನಗೆ ತಿಳಿಯದೇ? ಅವರ ಮೇಲೆ ಕೋಪ ಬರಲಿಲ್ಲ. ಆದರೆ ಫೋನು ಇಟ್ಟ ಮೇಲೆ ಪೈಪುಗಳ ಪಕ್ಕ ಮಂಡಿ ಮಡಿಚಿ ಕೂತ ಆ ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ಅವರ ಕೋಣೆ ಉಳಿಯಬೇಕಾದರೆ ಭಾಗ್ಯ ಸಂಘದೊಳಗೆ ಇರಬೇಕು. ಹಿತೈಷಿಯ ಮಾತು ಯಾವ ಪಂಚಾಯಿತಿಯಲ್ಲಿ ನಡೆಯುತ್ತದೆ?

ಯಜಮಾನರಿಗೆ ಹೇಳಿಕೊಂಡೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು ಅವರು, ಅವರ ಸಂಘದ ಗಲಾಟೆಗಳನ್ನೆಲ್ಲ ಕಂಡವರು.

“ಚಳಿಗಾಲ, ಶಾಲು ಬಂದ್ರೆ ಬರ್ಲಿ ಬಿಡು,” ಅಂದರು ಮೊದಲು.

“ತಮಾಷೆ ಬೇಡ ರೀ. ಹೋಗ್ಲೋ ಬೇಡ್ವೋ ಹೇಳಿ.”

“ಹೋಗ್ದೆ ಇದ್ರೆ ನಿನ್ನ ಮಾತು ಯಾರು ಕೇಳ್ತಾರೆ? ಮೈಕಿನ ಹತ್ರ ನಿನ್ನ ಅವರೇ ಕರೀತಿರೋದು. ಹೋಗು.”

ಭಾನುವಾರ ಬೆಳಗ್ಗೆ ನರಸಿಂಹಸ್ವಾಮಿಗೆ ಒಂದು ಮೊಳ ಹೂವು ಹೆಚ್ಚಿಗೇ ಏರಿಸಿ, ‘ಬಾಯಿ ಒಣಗದಿರಲಿ ಸ್ವಾಮಿ, ಅಷ್ಟು ಸಾಕು’ ಅಂತ ಬೇಡಿಕೊಂಡು ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಭಾಗ್ಯ ಕಾಯುತ್ತಿದ್ದಳು. ನನ್ನ ರೇಷ್ಮೆ ಸೀರೆ ಮೇಲಿಂದ ಕೆಳಗೆ ನೋಡಿದಳು. ಅದಕ್ಕೆ ನಾನೇ, “ಸೀರೆ ಉಟ್ಟಿದೀನಿ ಅಂತ ಶಾಲೂ ಹೊದ್ದಂಗಲ್ಲ ಕಣೇ,” ಅಂದೆ.

“ಊಂ. ನೋಡನ,” ಅಂದಳು, ಥೇಟ್ ಅವಳ ಪಂಚಾಯಿತಿ ಅಧ್ಯಕ್ಷರ ಹಾಗೆ. ಇಬ್ಬರೂ ನಕ್ಕೆವು. ಆಟೋ ಹತ್ತಿದೆವು.

ಒಂದು ಶಾಲೆಯ ಸಭಾಂಗಣದಲ್ಲಿ ಸಭೆ. ಮುಂದಿನ ಸಾಲುಗಳಲ್ಲಿ ಕಾಲೇಜಿನವರು, ಪಟ್ಟಣದವರು. ಹಿಂದೆ ನಾವು, ಹಳ್ಳಿಯವರು, ಹೆಚ್ಚಿನವರು ಹೆಂಗಸರು. ಯಾರೂ ಹಾಗೆ ಕೂರಿ ಅಂತ ಹೇಳಿದ್ದಲ್ಲ, ತಾನಾಗಿ ಹಾಗೆ ಆಗುತ್ತದೆ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್, ಅದರಲ್ಲಿ ನನ್ನ ಫೋಟೋ. ನನ್ನ ಫೋಟೋ ಅಷ್ಟು ದೊಡ್ಡದಾಗಿ ನಾನು ಯಾವತ್ತೂ ನೋಡಿರಲಿಲ್ಲ. ನಾಚಿಕೆಯಾಗಿ ಕೆಳಗೆ ಬರೆದದ್ದನ್ನು ಓದಲೂ ಇಲ್ಲ.

ಪ್ರಾರ್ಥನೆ ಮುಗಿಯಿತು. ಮೊದಲು ಸನ್ಮಾನ, ಆಮೇಲೆ ಹೆಸರಿನ ವಿಷಯ, ಆಮೇಲೆ ಊಟ ಅಂತ ಓದಿ ಹೇಳಿದರು. ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಸೋಮಶೇಖರ್ ಸಾರ್ ಶಾಲು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಬಂದರು. ನಾನು ಎದ್ದು ನಿಂತೆ.

“ಸಾರ್, ಶಾಲು ಸ್ವಲ್ಪ ಹೊತ್ತು ನಿಮ್ಮ ಕೈಯಲ್ಲೇ ಇರಲಿ. ಹೆಸರಿನ ಮಾತು ಮೊದಲು ಮುಗೀಲಿ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಜಯಮ್ಮ. ಇದು ನಿಮ್ಮ ಸೇವೆಗೆ.”

“ಇದೆ ಸಾರ್. ಮಧ್ಯಾಹ್ನದ ಹೊತ್ತಿಗೆ ನಾನು ಈ ಮನೆಯವಳೋ, ಮನೆಗೆ ಬಂದವಳೋ ಗೊತ್ತಾಗಬೇಕು. ಬಂದವಳಾದರೆ ಹೊದಿಸಿ ಕಳಿಸಿ, ಸಂತೋಷವಾಗಿ ಹೊದ್ದು ಹೋಗ್ತೀನಿ. ಮನೆಯವಳಾದರೆ ಊಟಕ್ಕೆ ಬಡಿಸೋಕೆ ನಿಲ್ಲಬೇಕು.”

ಸಾರ್ ಶಾಲು ಹಿಡಿದುಕೊಂಡೇ ನಿಂತಿದ್ದರು, ಒಣಗಲು ಹಾಕಲು ತಂತಿ ಹುಡುಕುವವರ ಹಾಗೆ. ಆಗ ಹಿಂದಿನ ಸಾಲಿನಿಂದ ಭಾಗ್ಯ ಎದ್ದಳು.

“ಸಾ, ನಂದೊಂದು ಡೌಟು. ಗ್ರಂಥಪಾಲಕಿ ಅನ್ನಕ್ಕೆ ಡಿಗ್ರಿ ಬೇಕು ಅಂತೀರಲ್ಲ. ಜಯಕ್ಕ ಓದಿರದು ಎಸ್ಸೆಸ್ಸೆಲ್ಸಿ. ಅವ್ರ ಬ್ಯಾನರ್ರಲ್ಲಿ ಏನ್ ಬರ್ಸೀರಿ ಒಂದ್ಸಲ ಓದಿ ಸಾ.”

ಎಲ್ಲರೂ ಓದಿದರು. ನಾನೂ ತಿರುಗಿ ಓದಿದೆ. ‘ನಿವೃತ್ತ ಗ್ರಂಥಪಾಲಕಿ ಶ್ರೀಮತಿ ಜಯಮ್ಮನವರಿಗೆ ಅಭಿನಂದನೆ’ ಅಂತ ಇತ್ತು.

“ಇದನ್ನ ಯಾರು ಬರೆಸಿದ್ದು?” ಅಂದರು ಸಾರ್.

ಖಜಾಂಚಿ ಮೆಲ್ಲಗೆ, “ನೀವೇ ಫೋನಲ್ಲಿ ಹೇಳಿದ್ರಿ ಸಾರ್. ಮೇಲ್ವಿಚಾರಕಿ ಅಂತ ಹಾಕ್ಲಾ ಅಂತ ಕೇಳ್ದೆ. ‘ಛೇ, ಸನ್ಮಾನಕ್ಕೆ ಅದು ಚೆನ್ನಾಗಿರಲ್ಲ’ ಅಂದ್ರಿ,” ಅಂದರು.

ನಗು ಮೊದಲು ಹಿಂದಿನ ಸಾಲಿನಲ್ಲಿ ಎದ್ದು ಮುಂದಿನ ಸಾಲಿಗೂ ಹರಡಿತು. ಸಾರ್ ಕೂಡ ನಕ್ಕುಬಿಟ್ಟರು. ಪದಗಳನ್ನು ಅವುಗಳ ಜಾಗದಲ್ಲೇ ಇಡುವ ಮನುಷ್ಯನಿಗೆ, ಗೌರವಿಸಬೇಕು ಅನ್ನಿಸಿದಾಗ ಕೈಗೆ ಬಂದ ಪದ ಅದೇ ಆಗಿತ್ತು. ಅವರನ್ನು ನೋಡಿ ನನಗೆ ಕಣ್ಣು ತುಂಬಿತು. ಅವರು ಶಾಲು ಮಡಿಚಿ ಮೇಜಿನ ಮೇಲಿಟ್ಟು, “ಸರಿ, ಹೆಸರು ಮೊದಲು. ಮಾತಾಡಿ,” ಅಂದರು.

ಮಾತಾಡಿದರು ನೋಡಿ! ಅಷ್ಟು ಹೊತ್ತು ಸುಮ್ಮನಿದ್ದವರೆಲ್ಲ ಮಾತಾಡಿದರು. ಗ್ರಂಥಾಲಯ ಸೇವಕರು ಅಂದರು ಒಬ್ಬರು. ಸೇವಕ ಅಂದರೆ ಆಳು ಅನ್ನಿಸುತ್ತದೆ, ಬೇಡ ಅಂದರು ಕಾಲೇಜಿನವರು. ನೌಕರರು ಅಂದರು ಇನ್ನೊಬ್ಬರು. ನಮ್ಮಲ್ಲಿ ಅರ್ಧ ಜನ ಕಾಯಂ ನೌಕರರೇ ಅಲ್ಲ ಅಂದರು ಹಿಂದಿನವರು. ಅರಿವು ಬಳಗ ಅಂತ ಒಬ್ಬರು ಸೂಚಿಸಿದಾಗ ಮಾತ್ರ ನಾನು ಕೈ ಎತ್ತಿ, ಪುಟ್ಟೇಗೌಡರ ನಾಲೆ ನೀರಿನ ಕಥೆ ಹೇಳಿದೆ. ಆ ಹೆಸರು ಅಲ್ಲಿಗೇ ಬಿತ್ತು.

ಕೊನೆಗೆ ಎದ್ದು ನಿಂತದ್ದು ಚನ್ನರಾಯಪಟ್ಟಣದ ಒಬ್ಬ ಕಾಲೇಜು ಗ್ರಂಥಪಾಲಕ, ಕಿರಣ್ ಅಂತ. ಹೊಸಬ. ಸಾರ್ ಯಾರ ತೂಕಕ್ಕಾಗಿ ಇಷ್ಟೆಲ್ಲ ಹೊರಟಿದ್ದರೋ ಅಂಥವನೇ.

“ಸಾರ್, ನಾನು ಶ್ರವಣಬೆಳಗೊಳದ ಕಡೆ ಒಂದು ಮನೇಲಿ ಬಾಡಿಗೆಗಿದೀನಿ. ನನ್ನ ಓದು ಏನು ಅಂತ ಮನೆ ಓನರಮ್ಮಂಗೆ ಎಷ್ಟು ಸಲ ಹೇಳಿದ್ರೂ ಅವರು ಲೈಬ್ರರಿಯೋರು ಅಂತಾನೇ ಕೂಗೋದು. ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲೆ ನೋಡಿದ್ರೆ ಡಾಕ್ಟ್ರು, ಪೋಸ್ಟಿನೋರು, ಲೈಬ್ರರಿಯೋರು ಮೂರೂ ಜನಕ್ಕೆ ಅವರು ಒಂದೇ ಥರದ ಲೋಟದಲ್ಲಿ ಕಾಫಿ ಕೊಡ್ತಾರೆ. ಅದನ್ನೇ ಇಡೋಣ ಸಾರ್. ಗ್ರಂಥಾಲಯದವರ ಸಂಘ.”

“‘ದವರ’ ಅಂತ ಯಾವ ಸಂಘಕ್ಕಿದೆಯಪ್ಪ?” ಅಂದರು ಸಾರ್.

“ನಮ್ದಕ್ಕಿರ್ಲಿ ಸಾ,” ಅಂತ ಹಿಂದಿನಿಂದ ಯಾರೋ ಕೂಗಿದರು.

ಸಾರ್ ಒಂದು ಸಲ ಬಾಯಲ್ಲೇ ಹೇಳಿ ನೋಡಿಕೊಂಡರು. ಗ್ರಂಥಾಲಯದವರ ಸಂಘ. ಇನ್ನೊಂದು ಸಲ ಹೇಳಿದರು. ಆಮೇಲೆ ಒಂದು ಷರತ್ತು ಹಾಕಿದರು: ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷ್ ಹೆಸರು ಮಾತ್ರ ಅವರು ಹೇಳಿದ ಉದ್ದದ್ದೇ ಇರಬೇಕು.

“ಇಂಗ್ಲೀಸಲ್ಲಿ ಎಷ್ಟುದ್ದ ಬೇಕೋ ಇಟ್ಕಳಿ ಸಾ,” ಅಂದಳು ಭಾಗ್ಯ. “ಮೆಂಬರ್ರು ಯಾರು ಅಂತ ಕನ್ನಡದಲ್ಲಿ ಬರೀರಿ.”

ಬರೆದರು. ಲೈಬ್ರರಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ಓದು ಎಷ್ಟೇ ಇರಲಿ, ಸದಸ್ಯರು. ಹಿತೈಷಿ ಅನ್ನುವ ಪದ ನಿಯಮದಿಂದ ಹೋಯಿತು. ಮುಂದಿನ ಸಾಲಿನಲ್ಲಿ ಮೂರು ನಾಲ್ಕು ಜನ ಕೈ ಎತ್ತಲಿಲ್ಲ. ಅವರ ಮುಖದಲ್ಲಿ ಬೇಸರ ಇತ್ತು. ಅವರ ಕುರ್ಚಿಯ ಪ್ರಶ್ನೆ ಹಾಗೇ ಉಳಿದಿದೆ, ಅದಕ್ಕೂ ಸಂಘ ಒಂದು ದಿನ ನಿಲ್ಲಬೇಕು ಅಂತ ನಾನು ಸಾರ್‌ಗೆ ಅಲ್ಲೇ ಹೇಳಿದೆ.

ಶಾಲು ಹೊದಿಸಿದರು. ಹೊದ್ದುಕೊಂಡೆ, ಸಂತೋಷವಾಯಿತು. ಫೋಟೋ ತೆಗೆದ ಮೇಲೆ ಅದನ್ನು ಸೊಂಟಕ್ಕೆ ಬಿಗಿದುಕೊಂಡು ಸಾರಿನ ಬಕೆಟ್ಟು ಹಿಡಿದೆ. ಭಾಗ್ಯ ಹಿಂದೆಯೇ ಪಾಯಸ ತಂದಳು.

“ಇನ್ನೊಂದ್ ಸೌಟು ಆಕ್ಲಾ ಸಾ?”

“ಸಾಕಮ್ಮ, ಸಕ್ಕರೆ ಕಾಯಿಲೆ.”

“ಇವತ್ತೊಂದಿನ ಸಾ. ಹೊಸಾ ಎಸ್ರು ಇಟ್ಟೀವಿ, ನಾಮಕರಣದ ಪಾಯಸ ಕಣಿ.”

ಸಾರ್ ಎಲೆಯ ಮೇಲಿಂದ ಕೈ ತೆಗೆದರು.

ಇಷ್ಟೇ ಕಥೆ. ಹೊಸದಾಗಿ ಸೇರುವವರಿಗೆ ನಾನು ಹೇಳುವುದೂ ಇಷ್ಟೇ. ಕಲಿಯಲು ಸಿಕ್ಕಿದ್ದನ್ನೆಲ್ಲ ಕಲಿಯಿರಿ. ಪದವಿ ಮಾಡುವ ಹಾಗಿದ್ದರೆ ಮಾಡಿ, ನನಗೆ ಆ ಭಾಗ್ಯ ಇರಲಿಲ್ಲ. ಯಾರಾದರೂ ತಪ್ಪು ಬಾಗಿಲಿಗೆ ಬಂದರೆ ಕೂರಿಸಿ ನೀರು ಕೊಡಿ. ಸಂಘದ ಮೀಟಿಂಗು ತಪ್ಪಿಸಬೇಡಿ. ಮನೆಕೆಲಸ ಇದೆ ಅನ್ನುತ್ತೀರಿ, ಗೊತ್ತು. ನನಗೂ ಇತ್ತು.

ಮೊನ್ನೆ ಸಂಜೆ ಭಾಗ್ಯ ಮತ್ತೆ ಫೋನು ಮಾಡಿದಳು. ನಾನು ಮುದ್ದೆಗೆ ಎಸರಿಟ್ಟು ನಿಂತಿದ್ದೆ. ಅವಳ ಹಿಂದಿನಿಂದ ಕಬ್ಬಿಣ ಕಬ್ಬಿಣಕ್ಕೆ ತಗುಲುವ ಸದ್ದು ಕೇಳುತ್ತಿತ್ತು.

“ಏನೇ ಅದು ಗಲಾಟೆ?”

“ಪೈಪ್ ಎತ್ತುಸ್ತಾವ್ರೆ ಕಣಕ್ಕ! ಸೋಮಶೇಖರ್ ಸಾರು, ಕಿರಣಣ್ಣ, ನಮ್ ತಾಲ್ಲೂಕಿನೋರೆಲ್ಲ ಬಂದಿದ್ರು. ನಮ್ ಪಂಚಾಯ್ತಿ ಅಧ್ಯಕ್ಷ್ರು ಸಂಘದ ಕಾಗ್ದ ನೋಡುದ್ರು, ಇಂಗ್ಲೀಸ್ ಎಸ್ರು ಓದಕ್ಕಾಗ್ದೆ ಕನ್ನಡದ್ದು ಓದುದ್ರು. ‘ಇಷ್ಟು ಜನ ನಿಮ್ಮೋರೇನವ್ವ?’ ಅಂದ್ರು. ನಮ್ಮೋರೇ ಅಂದೆ.”

“ಹುಡ್ಗೀರು?”

“ಒಳಗೆ ಕಾಲು ಚಾಚ್ಕಂಡು ಕೂತವ್ರೆ.”

ಫೋನು ಇಟ್ಟು ದೇವರ ಮನೆಯ ಕಡೆ ತಿರುಗಿ ಒಂದು ಸಲ ಕೈ ಮುಗಿದೆ. ಎಸರು ಕೊತಕೊತ ಕುದಿಯುತ್ತಿತ್ತು. ಹಿಟ್ಟು ಸುರಿದು, ಮುದ್ದೆ ಕೋಲು ತೆಗೆದುಕೊಂಡು ತಿರುವಲು ನಿಂತೆ.